ಕೈಗೆ ಕೂಡಿದ ಕೋಲು



ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅನಹೈಮ್ ಅಂತ ಒಂದು ಊರು. ಡಿಸ್ನಿಯವರ ಮೊಟ್ಟಮೊದಲ ಪಾರ್ಕು, 1955ರ ಡಿಸ್ನಿಲ್ಯಾಂಡ್, ಇರುವುದು ಅಲ್ಲೇ. ಅದರ ಎದುರಿಗೇ 2001ರಲ್ಲಿ ಇನ್ನೊಂದು ಪಾರ್ಕು ಶುರುವಾಯಿತು. ಆ ಎರಡನೆಯ ಪಾರ್ಕಿನಲ್ಲಿ ‘ಕ್ಯಾಲಿಫೋರ್ನಿಯಾ ಸ್ಕ್ರೀಮಿನ್’ ಎಂಬ ರೋಲರ್ ಕೋಸ್ಟರ್ ಇತ್ತು. ನಿಂತಿದ್ದ ಗಾಡಿ ಐದು ಸೆಕೆಂಡು ತುಂಬುವುದರೊಳಗೆ ಗಂಟೆಗೆ ಸುಮಾರು 88 ಕಿಲೋಮೀಟರ್ ವೇಗಕ್ಕೆ ಬಂದುಬಿಡುತ್ತಿತ್ತು. ಆಮೇಲೆ ಏರು, ಇಳಿಜಾರು, ತಿರುವು, ನಡುವೆ ಒಂದು ಕಡೆ ಕೂತವರನ್ನು ತಲೆಕೆಳಗು ಮಾಡುವ ಸುತ್ತು. 2015ರ ಜೂನ್ 24ರಂದು ಈ ರೈಡಿನಲ್ಲಿ ಕೂತಿದ್ದ ಯಾರೋ ಒಬ್ಬರು ಸೆಲ್ಫಿ ಸ್ಟಿಕ್ ಹೊರತೆಗೆದರು. ರೈಡ್ ನಿಂತಿತು. ಮತ್ತೆ ಶುರುವಾಗಲು ಸುಮಾರು ಒಂದು ಗಂಟೆ ಹಿಡಿಯಿತು.

ಎರಡು ದಿನ ಕಳೆದು, ಶುಕ್ರವಾರ, ಡಿಸ್ನಿ ಕಂಪನಿಯ ಪ್ರಕಟಣೆ ಬಂತು. ಜೂನ್ 30ರಿಂದ ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾದ ಪಾರ್ಕುಗಳಲ್ಲಿ, ಜುಲೈ 1ರಿಂದ ಪ್ಯಾರಿಸ್ ಮತ್ತು ಹಾಂಗ್‌ಕಾಂಗ್‌ನ ಪಾರ್ಕುಗಳಲ್ಲಿ ಸೆಲ್ಫಿ ಸ್ಟಿಕ್ ಒಳಗೆ ತರುವಂತಿಲ್ಲ. ರೈಡ್ ಏರುವಾಗ ಮಾತ್ರ ಬೇಡ ಎಂಬ ಸೂಚನೆ ಮೊದಲೇ ಇತ್ತು, ಫಲಕಗಳೂ ಇದ್ದವು. ಈಗ ಗೇಟಿನಲ್ಲೇ ತಡೆ. ಜುಲೈ ತಿಂಗಳಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಎಂಬ ಇನ್ನೊಂದು ದೊಡ್ಡ ಪಾರ್ಕು ಕಂಪನಿಯೂ ಅದೇ ದಾರಿ ಹಿಡಿಯಿತು.

ಆ ವರ್ಷ ಈ ಕೋಲಿಗೆ ಎಲ್ಲೆಲ್ಲೂ ಕೆಟ್ಟ ಕಾಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್, ಲಂಡನ್ನಿನ ನ್ಯಾಷನಲ್ ಗ್ಯಾಲರಿ, ವಿಂಬಲ್ಡನ್ ಟೆನಿಸ್ ಅಂಗಳ, ಕೋಚೆಲ್ಲಾ ಸಂಗೀತೋತ್ಸವ ಎಲ್ಲ ಕಡೆ ‘ಬೇಡ’ ಎಂಬ ಬೋರ್ಡು. ತಮಾಷೆ ಏನೆಂದರೆ, ಇನ್ನೂ 2014ರಲ್ಲಿ ಟೈಮ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಇದೇ ಕೋಲಿಗೆ ಜಾಗ ಕೊಟ್ಟಿತ್ತು. ವರ್ಷ ತಿರುಗುವುದರೊಳಗೆ ಆವಿಷ್ಕಾರ ಹೋಗಿ ಉಪದ್ರವ ಆಯಿತು.

ಈ ಸುದ್ದಿ ಬಂದಾಗ ಹೆಚ್ಚಿನವರು ಅದನ್ನು ನೀತಿಯ ಮಾತಾಗಿ ಕೇಳಿಸಿಕೊಂಡರು. ಜನರಿಗೆ ತಮ್ಮ ಮುಖದ ಮೇಲೇ ಮೋಹ ಹೆಚ್ಚಾಗಿದೆ, ಎದುರಿಗಿರುವ ಚೆಂದವನ್ನು ನೋಡುವುದು ಬಿಟ್ಟು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ, ಅವರಿಗೆ ಸರಿಯಾದ ಶಾಸ್ತಿ ಆಯಿತು ಎಂಬ ಧಾಟಿ. ನಮ್ಮ ಕಡೆಯೂ ಕಟ್ಟೆಯ ಮೇಲೆ ಕೂತವರು ಹಾಗೇ ಮಾತಾಡಿಕೊಂಡದ್ದುಂಟು. ನನಗೆ ಆ ಧಾಟಿ ಹಿಡಿಸುವುದಿಲ್ಲ. ಮುಖದ ಮೋಹ ಪಾಪವೋ ಪುಣ್ಯವೋ, ಅದನ್ನು ತೀರ್ಮಾನಿಸುವ ಅಧಿಕಾರವನ್ನು ಟಿಕೆಟ್ ಮಾರುವ ಕಂಪನಿಗೆ ಕೊಟ್ಟವರು ಯಾರು? ಡಿಸ್ನಿಯ ವ್ಯಾಪಾರ ಅರ್ಧ ನಿಂತಿರುವುದೇ ಮಿಕ್ಕಿ ಇಲಿಯ ಪಕ್ಕ ನಿಂತು ಹಲ್ಲುಕಿರಿದ ಫೋಟೊಗಳ ಮೇಲೆ. ಅವರು ಸೆಲ್ಫಿಯನ್ನು ನಿಷೇಧಿಸಲಿಲ್ಲ. ಕೋಲನ್ನು ನಿಷೇಧಿಸಿದರು. ಯಾಕೆ ಎಂದು ತಿಳಿಯಬೇಕಾದರೆ ರೋಲರ್ ಕೋಸ್ಟರ್ ಕಟ್ಟುವವರ ಲೆಕ್ಕದ ಪುಸ್ತಕದೊಳಗೆ ಸ್ವಲ್ಪ ಇಣುಕಬೇಕು.

ಮಾರುಕಟ್ಟೆಯಲ್ಲಿ ಹೂ ಮಾರುವವಳು ಎರಡೂ ಕೈ ಚಾಚಿ ಒಂದು ಮಾರು ಅಳೆದು ಕೊಡುತ್ತಾಳಲ್ಲ, ಹೆಚ್ಚು ಕಡಿಮೆ ಅದೇ ಅಳತೆಯ ಮೇಲೆ ಈ ಯಂತ್ರಗಳೂ ನಿಂತಿವೆ. ಗಾಡಿ ಹಳಿಯ ಮೇಲೆ ಓಡುವಾಗ ಕೂತವನು ಕೈ ಮೇಲೆತ್ತುತ್ತಾನೆ, ಪಕ್ಕಕ್ಕೆ ಚಾಚುತ್ತಾನೆ. ಬೇಡ ಎಂದರೂ ಚಾಚುತ್ತಾನೆ. ಅದರಲ್ಲೇ ಮಜಾ ಇರುವುದು. ಹಾಗಾಗಿ ವಿನ್ಯಾಸ ಮಾಡುವ ಎಂಜಿನಿಯರು ಮೊದಲು ಒಬ್ಬ ಎತ್ತರದ ಆಳನ್ನು ಕಲ್ಪಿಸಿಕೊಳ್ಳುತ್ತಾನೆ. ಅವನನ್ನು ಸೀಟಿನಲ್ಲಿ ಕೂರಿಸಿ, ಕೈ ಎಲ್ಲೆಲ್ಲಿಗೆ ತಲುಪುತ್ತದೋ ಅಲ್ಲೆಲ್ಲ ಗೆರೆ ಎಳೆದು, ಅದರ ಮೇಲೆ ಇನ್ನಷ್ಟು ಜಾಗ ಸೇರಿಸುತ್ತಾನೆ. ಆ ಗೆರೆಯೊಳಗೆ ಕಂಬ ಬರಕೂಡದು, ತೊಲೆ ಬರಕೂಡದು, ಮರದ ಕೊಂಬೆ, ಸುರಂಗದ ಗೋಡೆ, ಪಕ್ಕದ ಹಳಿಯ ಗಾಡಿ ಯಾವುದೂ ಬರಕೂಡದು. ಹಳಿಯ ಉದ್ದಕ್ಕೂ, ಒಂದೊಂದು ತಿರುವಿನಲ್ಲೂ, ಕಣ್ಣಿಗೆ ಕಾಣದ ಈ ಕೊಳವೆ ಗಾಡಿಯ ಜೊತೆಗೇ ಸಾಗುತ್ತದೆ. ಹೊಸ ರೈಡ್ ತೆರೆಯುವ ಮೊದಲು ಕೈಚಾಚಿದ ಮನುಷ್ಯನ ಅಳತೆಯ ಚೌಕಟ್ಟೊಂದನ್ನು ಗಾಡಿಗೆ ಕಟ್ಟಿ, ನಿಧಾನವಾಗಿ ಎಳೆಸಿ, ಎಲ್ಲಾದರೂ ತಾಗುತ್ತದೆಯೇ ಎಂದು ನೋಡುವುದೂ ಉಂಟು.

ಗಾಡಿಯಲ್ಲಿ ಕೂತು ನೋಡಿದರೆ ಕಂಬಗಳು ತಲೆಗೇ ಹೊಡೆದುಬಿಡುತ್ತವೆ ಅನ್ನಿಸುವಷ್ಟು ಹತ್ತಿರ ಹಾದುಹೋಗುತ್ತವೆ. ಆ ಭಯವನ್ನು ಬೇಕೆಂದೇ ಕಟ್ಟಿರುತ್ತಾರೆ. ಕಾಣುವುದಕ್ಕೆ ಅಪಾಯ, ಲೆಕ್ಕದಲ್ಲಿ ಅಭಯ. ಆದರೆ ಆ ಅಭಯ ಇರುವುದು ತೋಳಿನ ಉದ್ದದವರೆಗೆ ಮಾತ್ರ. ಒಂದು ಮೀಟರ್ ಉದ್ದದ ಕೋಲನ್ನು ಚಾಚಿದ ಕೂಡಲೇ ನಿಮ್ಮ ಕೈ ಆ ಕೊಳವೆಯ ಆಚೆಗೆ ಹೋಯಿತು. ಯಾರೂ ಲೆಕ್ಕ ಹಾಕದ ಜಾಗಕ್ಕೆ ಹೋಯಿತು.

ಇನ್ನು ವೇಗ. ಗಂಟೆಗೆ 88 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ 24 ಮೀಟರಿಗಿಂತ ಹೆಚ್ಚು. ಕಂಬ ಕಂಡಿತು, ಕೋಲು ಒಳಗೆಳೆದುಕೊಳ್ಳೋಣ ಅಂದುಕೊಳ್ಳುವುದರಲ್ಲಿ ಕಂಬ ಹಿಂದಾಗಿರುತ್ತದೆ. ಸುರುಳಿಯ ತಳಕ್ಕೆ ಬಂದಾಗ ಮೈಭಾರ ಮೂರು ನಾಲ್ಕು ಪಟ್ಟು ಆದ ಹಾಗೆ ಅನ್ನಿಸುತ್ತದಲ್ಲ, ಕೋಲಿನ ತುದಿಯ ಫೋನಿಗೂ ಅದೇ ಗತಿ. ಕಾಲು ಕಿಲೋ ಇದ್ದದ್ದು ಮುಕ್ಕಾಲು ಕಿಲೋ, ಒಂದು ಕಿಲೋ ಆಗುತ್ತದೆ, ಅದೂ ಮಣಿಕಟ್ಟಿನಿಂದ ಒಂದು ಮೀಟರ್ ದೂರದಲ್ಲಿ. ಎದುರಿನಿಂದ ಗಾಳಿ ಬೇರೆ ತಳ್ಳುತ್ತಿರುತ್ತದೆ. ಮನೆಯಲ್ಲಿ ಒಂದು ಕೋಲಿನ ತುದಿಗೆ ಒಂದು ಕಿಲೋ ಸಕ್ಕರೆಯ ಪೊಟ್ಟಣ ಕಟ್ಟಿ, ಒಂದೇ ಕೈಯಲ್ಲಿ ನೇರವಾಗಿ ಹಿಡಿದು ನೋಡಿ. ಎಷ್ಟು ಹೊತ್ತು ಹಿಡಿಯಬಲ್ಲಿರಿ ಎಂಬುದು ನಿಮಗೇ ತಿಳಿಯುತ್ತದೆ.

ಕೈಜಾರಿದರೆ ಏನಾಗುತ್ತದೆ? ಫೋನು ಗಾಡಿಯ ವೇಗದಲ್ಲೇ ಮುಂದಕ್ಕೆ ಹಾರುತ್ತದೆ. ಆ ವೇಗ ಎಷ್ಟೆಂದರೆ, ಮೂವತ್ತು ಮೀಟರ್ ಎತ್ತರದಿಂದ, ಅಂದರೆ ಹತ್ತು ಅಂತಸ್ತಿನ ಕಟ್ಟಡದ ತಾರಸಿಯಿಂದ, ಬಿಟ್ಟ ವಸ್ತು ನೆಲ ಮುಟ್ಟುವಾಗ ಇರುವಷ್ಟು. ಆ ಫೋನು ಬೀಳುವ ಜಾಗದಲ್ಲಿ ಯಾರಿರುತ್ತಾರೋ. ಹಿಂದಿನ ಸೀಟಿನವರು, ಇಲ್ಲವೇ ಕೆಳಗೆ ಐಸ್‌ಕ್ರೀಮ್ ಹಿಡಿದು ನಡೆಯುತ್ತಿರುವ ಯಾರದೋ ಮಗು.

ಇದು ಊಹೆಯ ಮಾತು ಎಂದುಕೊಳ್ಳಬೇಡಿ. ಸೆಲ್ಫಿ ಸ್ಟಿಕ್ ಎಲ್ಲರ ಕೈಗೆ ಬರುವುದಕ್ಕೆ ಮೊದಲೇ, 2011ರಲ್ಲಿ, ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಯೂನಿವರ್ಸಲ್ ಕಂಪನಿಯ ಪಾರ್ಕಿನಲ್ಲಿ ನಡೆದದ್ದು ಇಲ್ಲಿ ನೆನಪಿಗೆ ಬರಬೇಕು. ಅಲ್ಲಿ ಎರಡು ಡ್ರ್ಯಾಗನ್‌ಗಳ ಕಾಳಗದ ಒಂದು ರೈಡ್ ಇತ್ತು. 1999ರಲ್ಲಿ ತೆರೆದದ್ದು. ಎರಡು ಪ್ರತ್ಯೇಕ ಹಳಿ, ಎರಡು ಗಾಡಿ. ಗಾಡಿಗಳು ಹಳಿಯ ಕೆಳಗೆ ತೂಗುಬಿದ್ದಿರುತ್ತಿದ್ದವು, ಕೂತವರ ಕಾಲು ಗಾಳಿಯಲ್ಲಿ. ಎರಡನ್ನೂ ಒಟ್ಟಿಗೇ ಬಿಟ್ಟು, ಒಂದಕ್ಕೊಂದು ಎದುರುಬದುರು ನುಗ್ಗಿಸಿ, ಢಿಕ್ಕಿಯಾಯಿತು ಅನ್ನುವಷ್ಟರಲ್ಲಿ ಎರಡೂ ಓರೆಯಾಗಿ ಹಾದುಹೋಗುವ ಹಾಗೆ ಮಾಡಿದ್ದರು. ತೀರ ಹತ್ತಿರ ಬಂದಾಗ ಒಂದರ ಸವಾರರ ಕಾಲಿಗೂ ಇನ್ನೊಂದರ ಸವಾರರ ಕಾಲಿಗೂ ನಡುವೆ ಸುಮಾರು ಒಂದೂವರೆ ಅಡಿ ಎಂದು ಪಾರ್ಕಿನವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹನ್ನೆರಡು ವರ್ಷ ಹಾಗೆ ಓಡಿತು. 2011ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಸವಾರರಿಗೆ ಎಲ್ಲಿಂದಲೋ ಹಾರಿಬಂದ ವಸ್ತು ಬಡಿಯಿತು. ಒಬ್ಬರ ಕಣ್ಣೇ ಹೋಯಿತು. ಎದುರು ಗಾಡಿಯಿಂದ ಜಾರಿದ ಸಣ್ಣ ಸಾಮಾನಿಗೆ ಎರಡು ಗಾಡಿಗಳ ವೇಗವೂ ಕೂಡಿರುತ್ತದೆ ಎಂಬುದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿವರ್ಸಲ್ ಎರಡು ಗಾಡಿಗಳನ್ನೂ ಒಟ್ಟಿಗೆ ಬಿಡುವುದನ್ನು ಕಾಯಂ ಆಗಿ ನಿಲ್ಲಿಸಿತು. ಕಾಳಗಕ್ಕೆಂದೇ ಕಟ್ಟಿದ ರೈಡ್ ಕಾಳಗವಿಲ್ಲದೆ ಇನ್ನಾರು ವರ್ಷ ಓಡಿ, 2017ರಲ್ಲಿ ಮುಚ್ಚಿತು. ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ಯಂತ್ರದ ಮುಖ್ಯ ಮಜವನ್ನೇ ಕಂಪನಿ ಕೈಬಿಟ್ಟಿತು. ಕಾರಣ, ಯಾರದೋ ಜೇಬಿನಿಂದ ಜಾರುವ ಸಾಮಾನು.

ಆಮೇಲೆ ಯೂನಿವರ್ಸಲ್ ಇನ್ನೂ ಮುಂದೆ ಹೋಯಿತು. 2015ರ ಕೊನೆಯ ಹೊತ್ತಿಗೆ ಒರ್ಲ್ಯಾಂಡೊದ ತನ್ನ ಅತಿ ವೇಗದ ರೈಡ್‌ಗಳ ಬಾಗಿಲಿನಲ್ಲಿ ಲೋಹ ಪತ್ತೆ ಮಾಡುವ ಕಮಾನು ಇಟ್ಟಿತು. ವಿಮಾನ ನಿಲ್ದಾಣದ ಹಾಗೆ. ಕೋಲಿರಲಿ, ಜೇಬಿನ ಫೋನೂ ಚಿಲ್ಲರೆ ಕಾಸೂ ಲಾಕರಿಗೆ. ಅದರ ಪಕ್ಕದಲ್ಲಿಟ್ಟರೆ ಡಿಸ್ನಿಯ ನಿಯಮ ಬಹಳ ಮೃದು ಅನ್ನಿಸುತ್ತದೆ.

ಸರಿ, ರೈಡಿನ ಮೇಲೆ ಬೇಡ. ಆದರೆ ಇಡೀ ಪಾರ್ಕಿನಲ್ಲೇ ಯಾಕೆ ಬೇಡ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಅನಹೈಮಿನ ರೈಡ್ ನಿಂತಿದ್ದ ಆ ಒಂದು ಗಂಟೆಯಲ್ಲಿ ಇದೆ.

ರೋಲರ್ ಕೋಸ್ಟರ್ ಗಾಡಿಗೆ ಸಾಮಾನ್ಯವಾಗಿ ಎಂಜಿನ್ ಇರುವುದಿಲ್ಲ, ಬ್ರೇಕೂ ಇರುವುದಿಲ್ಲ. ಬ್ರೇಕು ಇರುವುದು ಹಳಿಯಲ್ಲಿ, ಅದೂ ಕೆಲವೇ ಜಾಗಗಳಲ್ಲಿ. ರೈಲ್ವೆಯವರ ಹಾಗೆ ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದು ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು ಎಂಬ ಕಟ್ಟು ಮಾಡಿರುತ್ತಾರೆ. ಕಂಟ್ರೋಲ್ ರೂಮಿನಲ್ಲಿ ಕೂತ ಹುಡುಗನೋ ಹುಡುಗಿಯೋ ಟಿವಿ ಪರದೆಯಲ್ಲಿ ಕೋಲು ಕಂಡು ಗುಂಡಿ ಒತ್ತಿದರೆ, ಗಾಡಿ ಕಂಡಲ್ಲಿ ನಿಲ್ಲುವುದಿಲ್ಲ, ಬ್ರೇಕು ಇರುವ ಜಾಗಕ್ಕೆ ಬಂದು ನಿಲ್ಲುತ್ತದೆ. ಅದು ನೆಲದಿಂದ ಎಷ್ಟೋ ಎತ್ತರದಲ್ಲಿರಬಹುದು. ಹಿಂದಿನ ಗಾಡಿಯೂ ನಿಲ್ಲಬೇಕು. ಕೂತವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಪಕ್ಕದ ಮೆಟ್ಟಿಲಿನಲ್ಲಿ ಇಳಿಸಬೇಕಾಗಿ ಬರಬಹುದು. ಹಳಿಯ ಮೇಲೆ ಏನಾದರೂ ಬಿದ್ದಿದೆಯೇ ಎಂದು ನೋಡಬೇಕು. ಖಾಲಿ ಗಾಡಿ ಓಡಿಸಿ ಪರೀಕ್ಷಿಸಬೇಕು. ಆಮೇಲೆ ಜನ. ಅಷ್ಟು ಹೊತ್ತು ಕೆಳಗೆ ಸಾಲಿನಲ್ಲಿ ಬಿಸಿಲಿಗೆ ನಿಂತವರ ಮುಖ ನೀವೇ ಊಹಿಸಿ.

ಈ ಇಡೀ ಭಾರ ಹೊರುವವರು ಯಾರು? ರೈಡ್ ಬಾಗಿಲಿನಲ್ಲಿ ಮೈಕ್ ಹಿಡಿದು ನಿಂತ, ಇಪ್ಪತ್ತು ದಾಟಿದ್ದಾರೋ ಇಲ್ಲವೋ ಅನ್ನುವ ವಯಸ್ಸಿನವರು. ಕೋಲು ಚೀಲದಲ್ಲಿದೆ, ಅಂಗಿಯೊಳಗಿದೆ, ಮಡಿಸಿದರೆ ಗೇಣುದ್ದ. ಕೂರುವಾಗ ಕಾಣುವುದಿಲ್ಲ, ಗಾಡಿ ಹೊರಟ ಮೇಲೆ ಹೊರಬರುತ್ತದೆ. ತರಬಹುದು ಆದರೆ ಬಳಸಬಾರದು ಎಂಬ ನಿಯಮ ಇಂಥ ಕಡೆ ನಿಯಮವೇ ಅಲ್ಲ, ಬಾಗಿಲು ಕಾಯುವವರ ಮೇಲೆ ಹೊರಿಸಿದ ಜಗಳ. ಡಿಸ್ನಿ ಆ ಜಗಳವನ್ನು ರೈಡಿನ ಬಾಗಿಲಿನಿಂದ ಎತ್ತಿ ಪಾರ್ಕಿನ ಗೇಟಿಗೆ ತಂದಿತು. ಅಲ್ಲಿ ಹೇಗೂ ಚೀಲ ತೆರೆದು ನೋಡುವ ಮೇಜುಗಳಿವೆ. ಕೋಲು ಸಿಕ್ಕರೆ, ಕಾರಿನಲ್ಲೋ ಹೋಟೆಲಿನಲ್ಲೋ ಇಟ್ಟು ಬನ್ನಿ, ಇಲ್ಲವೇ ಇಲ್ಲಿ ಕೊಟ್ಟು ಹೊರಡುವಾಗ ಪಡೆದುಕೊಳ್ಳಿ ಎನ್ನುತ್ತಾರೆ. ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮಲ್ಲಿ ನಿಯಮ ಮಾಡುವವರು ಬೇರೆ, ಅದಕ್ಕಾಗಿ ಬೈಸಿಕೊಳ್ಳುವವರು ಬೇರೆ ಎಂಬುದು ಬಸ್ ಕಂಡಕ್ಟರುಗಳನ್ನು ಕೇಳಿದರೆ ಗೊತ್ತಾಗುತ್ತದೆ.

ರೈಡ್ ಬಿಟ್ಟು ಉಳಿದ ಜಾಗದ ಮಾತು ಬೇರೆ. ಅಲ್ಲಿ ಸಂಜೆ ಮೆರವಣಿಗೆ, ರಾತ್ರಿ ಬಾಣಬಿರುಸು. ರಸ್ತೆಯ ಎರಡೂ ಕಡೆ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ಮಕ್ಕಳು ಅಪ್ಪನ ಹೆಗಲ ಮೇಲೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ನಾಲ್ಕು ಕೋಲು ಮೇಲೆದ್ದರೆ ಹಿಂದಿನವರಿಗೆ ಮಿಕ್ಕಿಯ ಕಿವಿಯ ಬದಲು ನಾಲ್ಕು ಫೋನಿನ ಬೆನ್ನು ಕಾಣುತ್ತವೆ. ಕಣ್ಣಿಗೆ ಚುಚ್ಚಿಕೊಳ್ಳುವ ಅಪಾಯವೂ ಉಂಟು, ಆದರೆ ನಿಜ ಹೇಳಬೇಕೆಂದರೆ ಇದು ಕಿರಿಕಿರಿಯ ಪ್ರಶ್ನೆ, ಪ್ರಾಣದ ಪ್ರಶ್ನೆ ಅಲ್ಲ.

ಇನ್ನೊಂದು ಗುಮಾನಿ ಜನರಲ್ಲಿ ಇತ್ತು, ಈಗಲೂ ಇದೆ. ಪಾರ್ಕಿನವರು ಫೋಟೊ ಮಾರುತ್ತಾರೆ. ರೈಡ್ ಇಳಿಜಾರಿಗೆ ಬಿದ್ದ ಕ್ಷಣದಲ್ಲಿ ನೀವು ಬಾಯಿ ತೆರೆದು ಕಿರುಚುತ್ತಿರುವ ಚಿತ್ರವನ್ನು ಅವರ ಕ್ಯಾಮೆರಾ ಹಿಡಿದು, ಇಳಿಯುವಾಗ ಪರದೆಯ ಮೇಲೆ ತೋರಿಸಿ, ಬೇಕಿದ್ದರೆ ದುಡ್ಡು ಕೊಡಿ ಎನ್ನುತ್ತಾರೆ. ಡಿಸ್ನಿಯಲ್ಲಿ ಫೋಟೊಪಾಸ್ ಎಂಬ ವ್ಯವಸ್ಥೆಯೇ ಇದೆ. ಕೋಟೆಯ ಮುಂದೆ, ಗೊಂಬೆಗಳ ಪಕ್ಕ ಅವರದೇ ಫೋಟೊಗ್ರಾಫರುಗಳು ನಿಂತಿರುತ್ತಾರೆ. ನಿಮ್ಮ ಕೋಲು ಕಿತ್ತುಕೊಂಡರೆ ಅವರ ಫೋಟೊ ಮಾರಾಟ ಆಗುತ್ತದೆ, ಇದೇ ಒಳಗಿನ ಮರ್ಮ ಎಂಬುದು ಗುಮಾನಿ. ವ್ಯಾಪಾರಿಯ ಮೇಲೆ ಸಂಶಯ ಪಡುವುದು ಒಳ್ಳೆಯ ಅಭ್ಯಾಸ, ಬಿಡಬಾರದು. ಆದರೆ ಇಲ್ಲಿ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಅದೇ ಫೋಟೊಪಾಸ್‌ನವರ ಕೈಗೆ ನಿಮ್ಮ ಫೋನು ಕೊಟ್ಟು, ಇದರಲ್ಲೂ ಒಂದು ತೆಗೆಯಿರಿ ಎಂದರೆ ತೆಗೆದುಕೊಡುತ್ತಾರೆ, ದುಡ್ಡಿಲ್ಲ. ಅದಲ್ಲದೆ ಸಣ್ಣ ಟ್ರೈಪಾಡ್ ತರಬಹುದು. ಚೀಲದೊಳಗೆ ಹಿಡಿಯಬೇಕು, ಬಿಚ್ಚಿದರೆ ಆರಡಿ ಮೀರಬಾರದು, ಅಷ್ಟೆ. ಫೋಟೊ ಮಾರುವುದಷ್ಟೇ ಉದ್ದೇಶವಾಗಿದ್ದರೆ ಮೊದಲು ಹೊರಗೆ ಹೋಗಬೇಕಾದದ್ದು ಟ್ರೈಪಾಡು. ಅದು ನೆಲದ ಮೇಲೆ ನಿಲ್ಲುತ್ತದೆ. ಕೋಲು ಕೈಯ ಜೊತೆಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಈ ಕೋಲಿನ ಪರವಾಗಿಯೂ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. ಇದನ್ನು ಕಂಡುಹಿಡಿದದ್ದು ಈಗಿನ ಹುಡುಗರಲ್ಲ. 1980ರ ದಶಕದಲ್ಲಿ ಜಪಾನಿನ ಮಿನೋಲ್ಟಾ ಕ್ಯಾಮೆರಾ ಕಂಪನಿಯಲ್ಲಿ ಹಿರೋಷಿ ಉಯೆದಾ ಎಂಬ ಎಂಜಿನಿಯರ್ ಇದ್ದರು. ಹೆಂಡತಿಯ ಜೊತೆ ಯುರೋಪ್ ಪ್ರವಾಸ ಹೋದವರಿಗೆ ಇಬ್ಬರೂ ಒಟ್ಟಿಗಿರುವ ಫೋಟೊ ಬೇಕಿತ್ತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಹತ್ತಿರ ಒಬ್ಬ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟರು. ಹುಡುಗ ಕ್ಯಾಮೆರಾ ಸಮೇತ ಪರಾರಿ. ಊರಿಗೆ ಬಂದ ಉಯೆದಾ, ಯಾರ ಕೈಗೂ ಕೊಡದೆ ತನ್ನ ಫೋಟೊ ತಾನೇ ತೆಗೆದುಕೊಳ್ಳಲು ಉದ್ದ ಮಾಡಬಲ್ಲ ಒಂದು ಕೋಲು ಮಾಡಿ, ಪೇಟೆಂಟ್ ಪಡೆದರು. ಮುಖ ಚೌಕಟ್ಟಿನೊಳಗೆ ಬಂದಿದೆಯೇ ಎಂದು ನೋಡಲು ಕ್ಯಾಮೆರಾದ ಮುಂಭಾಗದಲ್ಲಿ ಪುಟ್ಟ ಕನ್ನಡಿ. ಹೆಚ್ಚು ಜನ ಕೊಳ್ಳಲಿಲ್ಲ. 1995ರಲ್ಲಿ ಉಪಯೋಗಕ್ಕೆ ಬಾರದ ಜಪಾನಿ ಆವಿಷ್ಕಾರಗಳ ಒಂದು ತಮಾಷೆ ಪುಸ್ತಕದಲ್ಲಿ ಆ ಕೋಲಿನ ಚಿತ್ರ ಬಂತು. ಪೇಟೆಂಟಿನ ಅವಧಿ 2003ರಲ್ಲಿ ಮುಗಿದೇ ಹೋಯಿತು. ಮೊಬೈಲಿನ ಮುಂಭಾಗಕ್ಕೆ ಕ್ಯಾಮೆರಾ ಬಂದು ಲೋಕವೆಲ್ಲ ಕೋಲು ಹಿಡಿದಾಗ ಉಯೆದಾ ಅವರಿಗೆ ಬಿಡಿಗಾಸೂ ಬರಲಿಲ್ಲ.

ಉಯೆದಾ ಅವರಿಗಿದ್ದ ಕೊರತೆ ನಮಗೂ ಗೊತ್ತಿದ್ದದ್ದೇ. ಯಾವ ಮನೆಯದಾದರೂ ಹಳೆಯ ಆಲ್ಬಮ್ ತೆಗೆಯಿರಿ. ಮೈಸೂರು ಅರಮನೆ ಮುಂದೆ ಅಮ್ಮ, ಮಕ್ಕಳು. ಬೃಂದಾವನದ ಕಾರಂಜಿ ಮುಂದೆ ಅಮ್ಮ, ಮಕ್ಕಳು, ಅತ್ತೆ. ಹಂಪಿಯ ಕಲ್ಲಿನ ರಥದ ಪಕ್ಕ ಎಲ್ಲರೂ. ಅಪ್ಪ ಎಲ್ಲಿ? ಅಪ್ಪ ಕ್ಯಾಮೆರಾದ ಹಿಂದೆ. ಒಂದೆರಡು ಚಿತ್ರದಲ್ಲಿ ಅವರ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಮನೆಮಂದಿಯೆಲ್ಲ ಒಂದೇ ಚೌಕಟ್ಟಿನಲ್ಲಿ ಇರಬೇಕೆಂದರೆ ಜಾತ್ರೆಯ ಸ್ಟುಡಿಯೊಕ್ಕೇ ಹೋಗಬೇಕಿತ್ತು. ವಿಧಾನಸೌಧ ಬರೆದ ಪರದೆ, ಹಲಗೆಯ ಮೋಟಾರ್ ಸೈಕಲ್ಲು, ‘ಉಸಿರು ಹಿಡೀರಿ’ ಎನ್ನುವ ಫೋಟೊಗ್ರಾಫರು. ಕೋಲು ಬಂದ ಮೇಲೆ ಅಪ್ಪಂದಿರು ಫೋಟೊದೊಳಕ್ಕೆ ಬಂದರು. ಒಬ್ಬೊಬ್ಬರೇ ಊರು ಸುತ್ತುವ ಹೆಣ್ಣುಮಕ್ಕಳಿಗೆ, ಗಾಲಿಕುರ್ಚಿಯಲ್ಲಿ ಕೂತು ಮೇಲಕ್ಕೆ ಕೈ ಎಟುಕದವರಿಗೆ, ಅಪರಿಚಿತರ ಕೈಗೆ ಫೋನು ಕೊಡಲು ಹಿಂಜರಿಯುವವರಿಗೆ ಅದು ದೊಡ್ಡ ಅನುಕೂಲವೇ ಆಗಿತ್ತು. ಮುಖದ ಮೋಹ ಎಂದು ನಗುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ನಿಷೇಧ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೋಡಬೇಕಾಗುತ್ತದೆ. ನಮ್ಮ ದೇಶದ ಕಡೆ ತಿರುಗಿದರೆ ಕಥೆ ಬೇರೆಯೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಐಐಐಟಿಯ ಸಂಶೋಧಕರು ಸೇರಿ 2016ರಲ್ಲಿ ಒಂದು ಅಧ್ಯಯನ ಹೊರತಂದರು. 2014ರ ಮಾರ್ಚಿನಿಂದ ಎರಡೂವರೆ ವರ್ಷಗಳಲ್ಲಿ ಸೆಲ್ಫಿ ತೆಗೆದುಕೊಳ್ಳಲು ಹೋಗಿ ಲೋಕದಲ್ಲಿ ಸತ್ತ 127 ಜನರನ್ನು ಪತ್ತೆ ಹಚ್ಚಿದರು. ಅವರಲ್ಲಿ 76 ಮಂದಿ ಭಾರತದವರು. ಆಮೇಲೆ ದೆಹಲಿಯ ಏಮ್ಸ್ ವೈದ್ಯರು 2011ರಿಂದ 2017ರವರೆಗಿನ ಪತ್ರಿಕಾ ವರದಿಗಳನ್ನು ಜಾಲಾಡಿ 259 ಸಾವುಗಳ ಲೆಕ್ಕ ಕೊಟ್ಟರು. ಎಲ್ಲಕ್ಕಿಂತ ಹೆಚ್ಚು ಸಾವು ನೀರಿನಲ್ಲಿ ಮುಳುಗಿ. ಆಮೇಲಿನದು ರೈಲು ಮೊದಲಾದ ವಾಹನಗಳು, ಎತ್ತರದಿಂದ ಬೀಳುವುದು.

ಈ ಸಾವುಗಳಿಗೆ ಕೋಲು ಬೇಕಿಲ್ಲ. ಹಳಿಯ ಮೇಲೆ ನಿಂತವನ ಬೆನ್ನಿಗೆ ರೈಲು ಬರುತ್ತದೆ. ಅವನ ಕೈಯಲ್ಲಿ ಕೋಲಿದ್ದರೂ ಒಂದೇ, ಬರಿಗೈಯಾದರೂ ಒಂದೇ. ಬಂಡೆ ಜಾರುವುದಕ್ಕೂ ಕೋಲಿಗೂ ಸಂಬಂಧವಿಲ್ಲ. 2016ರ ಆರಂಭದಲ್ಲಿ ಮುಂಬೈಯ ಬಾಂದ್ರಾ ಕಡಲತೀರದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಯುವತಿಯೊಬ್ಬಳು ನೀರುಪಾಲಾದ ಮೇಲೆ ಅಲ್ಲಿನ ಪೊಲೀಸರು ಕೋಲಿನ ತಂಟೆಗೆ ಹೋಗದೆ ಜಾಗಗಳನ್ನು ಗುರುತಿಸಿ, ಇಲ್ಲಿ ಸೆಲ್ಫಿ ಬೇಡ ಎಂದು ಫಲಕ ಹಾಕಲು ಹೊರಟರು. ಅದು ಸರಿಯಾದ ದಾರಿ. ಅಪಾಯ ನಿಂತ ನೆಲದಲ್ಲಿದ್ದರೆ ನೆಲಕ್ಕೆ ಬೇಲಿ. ಪಾರ್ಕಿನಲ್ಲಾದರೆ ನೆಲ ಭದ್ರವಾಗಿದೆ, ಸೀಟಿನ ಪಟ್ಟಿ ಭದ್ರವಾಗಿದೆ, ಅಳತೆ ಮೀರುವುದು ಕೋಲೊಂದೇ.

ಮ್ಯೂಸಿಯಮ್ಮುಗಳ ಮಾತು ನಡುವಿನದು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ತನ್ನ 46 ವಸ್ತುಸಂಗ್ರಹಾಲಯಗಳಲ್ಲಿ ಸೆಲ್ಫಿ ಸ್ಟಿಕ್ ಬೇಡವೆಂದು ಆಜ್ಞೆ ಹೊರಡಿಸಿತು. ನಮ್ಮ ಹಳೇಬೀಡು, ಬಾದಾಮಿ, ಐಹೊಳೆ, ಹಂಪಿಯ ಕಮಲಾಪುರಗಳಲ್ಲಿ ಇರುವುದು ಈ ಇಲಾಖೆಯ ಸಂಗ್ರಹಾಲಯಗಳೇ. ಹೊಯ್ಸಳರ ಕಾಲದ ಮದನಿಕೆಯ ಬಳೆ, ಬೆರಳು, ಅವಳು ಹಿಡಿದ ಹೂವಿನ ತೊಟ್ಟು, ಇವು ಒಮ್ಮೆ ಮುರಿದರೆ ಮತ್ತೆ ಬಾರವು. ಅಲ್ಲಿ ಕೋಲು ಬೇಡವೆಂದರೆ ಯಾರೂ ತಕರಾರು ತೆಗೆಯಲಾರರು. ಆದರೆ ಗೋಡೆಯ ಮೇಲೆ ಹೆಸರು ಕೆತ್ತುವವನ ಕೈಯಲ್ಲಿ ಇರುವುದು ಮೊಳೆ, ಸೆಲ್ಫಿ ಸ್ಟಿಕ್ ಅಲ್ಲ ಎಂಬುದನ್ನೂ ಮರೆಯದಿದ್ದರೆ ಒಳ್ಳೆಯದು. ದಕ್ಷಿಣ ಕೊರಿಯಾದವರು ಇನ್ನೂ ವಿಚಿತ್ರ. 2014ರಲ್ಲಿ ಅವರು ಕೋಲಿನ ಬೆನ್ನು ಹತ್ತಿದ್ದು ಅದರಲ್ಲಿರುವ ಬ್ಲೂಟೂತ್ ಗುಂಡಿಗೆ ಸರ್ಕಾರದ ಪ್ರಮಾಣಪತ್ರ ಇಲ್ಲವೆಂದು! ಕೋಲು ಹಿಡಿದು ಏನು ಬೇಕಾದರೂ ಮಾಡಿಕೊಳ್ಳಿ, ತರಂಗ ಮಾತ್ರ ಕಾನೂನುಬದ್ಧವಾಗಿರಲಿ ಎಂದ ಹಾಗೆ.

ಈಗ ಕೋಲಿನ ಭರಾಟೆ ತಾನಾಗಿಯೇ ತಗ್ಗಿದೆ. ಫೋನಿನ ಮುಂಭಾಗದ ಕ್ಯಾಮೆರಾ ಅಗಲ ನೋಟದ್ದಾಗಿ, ಬರಿಗೈ ಚಾಚಿದರೂ ಅತ್ತೆ ಮಾವ ಸಮೇತ ಎಲ್ಲರೂ ಹಿಡಿಸುತ್ತಾರೆ. ಕ್ಯಾಲಿಫೋರ್ನಿಯಾ ಸ್ಕ್ರೀಮಿನ್ ಕೂಡ 2018ರಲ್ಲಿ ಹೆಸರು, ವೇಷ ಬದಲಿಸಿಕೊಂಡು ‘ಇನ್‌ಕ್ರೆಡಿಕೋಸ್ಟರ್’ ಆಯಿತು. ನಿಯಮ ಮಾತ್ರ ಡಿಸ್ನಿಯ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಹಾಗೇ ಉಳಿದಿದೆ. 2016ರಲ್ಲಿ ಶುರುವಾದ ಅವರ ಶಾಂಘೈ ಪಾರ್ಕಿನಲ್ಲೂ ಉಂಟು.

ನಮ್ಮ ಬಿಡದಿಯ ವಂಡರ್‌ಲಾ ಇರಲಿ, ಮೈಸೂರಿನ ಜಿಆರ್‌ಎಸ್ ಪಾರ್ಕು ಇರಲಿ, ಊರ ಜಾತ್ರೆಯ ಜಯಂಟ್ ವೀಲ್ ಇರಲಿ, ಲೆಕ್ಕ ಒಂದೇ. ಜಾತ್ರೆಯದನ್ನು ಕುರಿತು ನನಗೆ ಹೆಚ್ಚು ಕಳವಳ. ಅಲ್ಲಿ ಕೂತವನ ತೋಳಿಗೂ ಪಕ್ಕದ ಕಂಬಕ್ಕೂ ಎಷ್ಟು ದೂರ ಎಂದು ಅಳೆದವರು ಯಾರೋ, ಸಂಜೆಯ ಗದ್ದಲದಲ್ಲಿ ಕೇಳುವವರು ಯಾರೋ. ಅಂಥ ಕಡೆ ಫೋನು ಕೆಳಗೆ ನಿಂತವರ ಕೈಯಲ್ಲಿರುವುದೇ ವಾಸಿ.

ಈ ಬೇಸಿಗೆಯಲ್ಲಿ ಮಗನ ಮನೆಗೋ, ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೊರಟಿರುವ ಕೇಳುಗರು ಕೆಲವರಾದರೂ ಇದ್ದೀರಿ. ಒರ್ಲ್ಯಾಂಡೊಗೋ ಅನಹೈಮಿಗೋ ಕರೆದುಕೊಂಡು ಹೋಗುವುದು ಹೇಗೂ ತಪ್ಪಿದ್ದಲ್ಲ. ಸೂಟ್‌ಕೇಸಿನಲ್ಲಿ ಸೆಲ್ಫಿ ಸ್ಟಿಕ್ ಇಟ್ಟಿದ್ದರೆ ಈಗಲೇ ತೆಗೆದು, ಆ ಜಾಗಕ್ಕೆ ಇನ್ನೊಂದು ಪೊಟ್ಟಣ ಚಟ್ನಿಪುಡಿ ಇಡಿ. ಕೋಟೆಯ ಮುಂದೆ ಕ್ಯಾಮೆರಾ ಹಿಡಿದು ನಿಂತ ಪಾರ್ಕಿನವರು ಕಂಡರೆ ಸಂಕೋಚ ಬೇಡ, ನಿಮ್ಮ ಫೋನು ಕೊಟ್ಟು ತೆಗೆಸಿಕೊಳ್ಳಿ. ರೈಡ್ ಏರುವ ಮೊದಲು ಕನ್ನಡಕಕ್ಕೊಂದು ದಾರ ಕಟ್ಟಿಕೊಳ್ಳಿ, ಜೇಬಿನ ಮೊಬೈಲು ಮೊಮ್ಮಗನ ಅಪ್ಪನ ಕೈಗೆ ಕೊಡಿ. ಅವನು ಹೇಗೂ ಕೆಳಗೇ ಇರುತ್ತಾನೆ, ಮಗುವಿನ ಗಾಡಿ ಹಿಡಿದುಕೊಂಡು.